ಪಾಚಕ ಎಂದರೆ ಹೊಟ್ಟೆ ಸಾಫು ಮಾಡುವುದಲ್ಲ

ಮಾಟುಂಗದಿಂದ ಡೊಂಬಿವಲಿಯವರೆಗೆ ಹಣ್ಣಿನ ರಸದ ಅಂಗಡಿಗಳ ಫಲಕಗಳಲ್ಲಿಯೂ ನಮ್ಮ ಕನ್ನಡಿಗರ ಆರೋಗ್ಯ ಶಿಬಿರಗಳ ಕರಪತ್ರಗಳಲ್ಲಿಯೂ ‘ಪಾಚಕ’ ಎಂಬ ಪದ ಈಗ ಯಾವ ಹಣ್ಣಿಗೆ ಬೇಕಾದರೂ ಅಂಟಿಕೊಳ್ಳುತ್ತಿದೆ. ಪಪ್ಪಾಯಿ ಪಾಚಕ, ಪೇರಳೆ ಪಾಚಕ, ಅನಾನಸು ಪಾಚಕ, ಬಾಳೆಹಣ್ಣೂ ಪಾಚಕ. ‘ಬೆಳಿಗ್ಗೆ ಪಪ್ಪಾಯಿ ತಿನ್ನಿ, ಉತ್ತಮ ಪಾಚಕ, ಹೊಟ್ಟೆ ಸಾಫಾಗುತ್ತದೆ’ ಎಂಬ ಮಾತಿನಲ್ಲಿ ದೇಹದ ಎರಡು ಬೇರೆ ಬೇರೆ ಕೆಲಸಗಳು ಒಂದಾಗಿಬಿಟ್ಟಿವೆ. ತಿಂದದ್ದು ಅರಗುವುದು ಒಂದು ಕೆಲಸ, ಮಲ ಸಲೀಸಾಗಿ ಇಳಿಯುವುದು ಇನ್ನೊಂದು. ಪಾಚಕ ಎಂಬುದು ಮೊದಲನೆಯದಕ್ಕೆ ಮಾತ್ರ ಸಲ್ಲುವ ಪದ.

ಈ ಪದದ ಮೂಲ ಸಂಸ್ಕೃತದ ‘ಪಚ್’ ಎಂಬ ಧಾತು. ಬೇಯಿಸು ಎಂದು ಅದರ ಅರ್ಥ. ಅಡುಗೆಯಾದ ‘ಪಾಕ’, ಅಡುಗೆಯವನಾದ ‘ಪಾಚಕ’, ಮಾಗಿದ್ದನ್ನು ಹೇಳುವ ‘ಪಕ್ವ’, ಅರಗುವುದನ್ನು ಹೇಳುವ ‘ಪಚನ’ ಎಲ್ಲವೂ ಅದೇ ಬೇರಿನಿಂದ ಹೊರಟವು. ಒಲೆಯ ಮೇಲೆ ಅಕ್ಕಿ ಬೇಯುವುದನ್ನೂ, ಮರದ ಮೇಲೆ ಕಾಯಿ ಮಾಗುವುದನ್ನೂ, ಜಠರದಲ್ಲಿ ಅನ್ನ ಅರಗುವುದನ್ನೂ ಹಿಂದಿನವರು ಒಂದೇ ಬಗೆಯ ಬೇಯುವಿಕೆಯೆಂದು ಕಂಡರು. ಜಠರಾಗ್ನಿ ಎಂಬ ಮಾತಿನ ಹಿಂದೆ ಇರುವುದೂ ಅದೇ ಕಾಣ್ಕೆ. ನಾವು ದಿನವೂ ಬಳಸುವ ‘ಜೀರ್ಣ’ದ ಮೂಲ ಬೇರೆ: ಅದು ಸವೆಯುವುದನ್ನು, ಹಳತಾಗುವುದನ್ನು ಹೇಳುವ ಧಾತುವಿನಿಂದ ಬಂದದ್ದು, ಆದ್ದರಿಂದಲೇ ಹಳೆಯ ಗುಡಿಯ ದುರಸ್ತಿ ಜೀರ್ಣೋದ್ಧಾರವಾಗುತ್ತದೆ. ಇವೆರಡಕ್ಕೂ ಮುನ್ನ ನಮ್ಮದೇ ಆದ ‘ಅರಗು’ ಇದ್ದೇ ಇದೆ. ಈ ಮೂರರಲ್ಲಿ ಯಾವುದಕ್ಕೂ ಮಲವಿಸರ್ಜನೆಯ ಅರ್ಥವಿಲ್ಲ.

ಮುಂಬಯಿ, ಪುಣೆಗಳ ನಮ್ಮ ಮಾತಿಗೆ ಈ ಪದ ಮರಾಠಿಯ ದಾರಿಯಿಂದಲೂ ಬಂದು ಸೇರಿದೆ. ಇಲ್ಲಿಯ ಮನೆಗಳಲ್ಲಿ ಶುಂಠಿರಸ, ನಿಂಬೆರಸ, ಸಕ್ಕರೆ, ಸೈಂಧವ ಲವಣ ಬೆರೆಸಿ ಸೀಸೆಯಲ್ಲಿಟ್ಟುಕೊಳ್ಳುವ ಪಾಚಕವನ್ನು ಊಟದ ಹೊತ್ತಿಗೆ ಒಂದೆರಡು ಚಮಚ ಕುಡಿಯುತ್ತಾರೆ. ಆ ಬಳಕೆ ಸರಿಯಾಗಿಯೇ ಇದೆ. ಹೊಟ್ಟೆ ಕಟ್ಟಿದೆಯೆಂದು ಅದನ್ನು ಯಾರೂ ಕುಡಿಯುವುದಿಲ್ಲ.

ಆಯುರ್ವೇದದವರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದನ್ನು ಶಾರ್ಙ್ಗಧರ ಸಂಹಿತೆಯಲ್ಲಿ ನೋಡಬಹುದು. ಹಸಿವೆಯ ಅಗ್ನಿಯನ್ನು ಹೆಚ್ಚಿಸಿಯೂ ಅರಗದೆ ಉಳಿದ ಆಮವನ್ನು ಪಚನ ಮಾಡದಿರುವುದು ದೀಪನ, ಸೋಂಪಿನಂತೆ. ಆಮವನ್ನು ಪಚನ ಮಾಡಿಯೂ ಅಗ್ನಿಯನ್ನು ಹೆಚ್ಚಿಸದಿರುವುದು ಪಾಚನ, ನಾಗಕೇಸರದಂತೆ. ಎರಡನ್ನೂ ಮಾಡಬಲ್ಲದ್ದು ಚಿತ್ರಮೂಲ. ಹೊಟ್ಟೆ ಇಳಿಸುವ ದ್ರವ್ಯಗಳಿಗೆ ಅಲ್ಲಿ ಬೇರೆಯೇ ಸಾಲಿದೆ: ಅಳಲೆಕಾಯಿ ಅನುಲೋಮನ, ಕಕ್ಕೆ ಸ್ರಂಸನ, ತಿಗಡೆ ರೇಚನ. ಹಸಿವೆ ಹುಟ್ಟಿಸುವುದಕ್ಕೂ ಅರಗಿಸುವುದಕ್ಕೂ ನಡುವೆಯೇ ಇಷ್ಟು ಗೆರೆ ಎಳೆದವರ ಪದವನ್ನು ನಾವು ಭೇದಿಯವರೆಗೂ ಹಿಗ್ಗಿಸಿಬಿಟ್ಟಿರುವುದು ನನಗೆ ಬೇಸರ ತರುತ್ತದೆ.

ಇನ್ನು ಹಣ್ಣುಗಳ ಮಾತು. ಪಪ್ಪಾಯಿಯಲ್ಲಿ ಪಾಚಕವೆನ್ನಬಹುದಾದದ್ದು ಪಪೈನ್ ಎಂಬ ಕಿಣ್ವ. ಹಸಿ ಕಾಯಿಯ ಸಿಪ್ಪೆಗೆ ಗೀರು ಹಾಕಿದರೆ ಹನಿಹನಿಯಾಗಿ ಒಸರುವ ಬಿಳಿ ಹಾಲಿನಲ್ಲಿ ಅದು ಇರುತ್ತದೆ. ಕಬಾಬಿನ ಮಾಂಸಕ್ಕೆ ಹಸಿ ಪಪ್ಪಾಯಿಯನ್ನು ಅರೆದು ಹಚ್ಚುವುದೂ ಅದು ಮಾಂಸದ ಪ್ರೋಟೀನನ್ನು ಒಡೆದು ಮೆತ್ತಗಾಗಿಸುತ್ತದೆ ಎಂಬ ಕಾರಣಕ್ಕೇ. ಕಾಯಿ ಮಾಗಿದಂತೆ ಆ ಹಾಲು ಬತ್ತುತ್ತದೆ, ಪಪೈನ್ ಬಹಳಷ್ಟು ಕಡಿಮೆಯಾಗುತ್ತದೆ. ಅಂದರೆ ನಾವು ಬೆಳಿಗ್ಗೆ ಹೋಳು ಮಾಡಿ ತಿನ್ನುವ ಕೆಂಪು ಹಣ್ಣು ಹೊಟ್ಟೆಯನ್ನು ಹಗುರ ಮಾಡುವುದು ಕಿಣ್ವದ ಬಲದಿಂದಲ್ಲ, ತನ್ನಲ್ಲಿರುವ ನೀರು ಮತ್ತು ನಾರಿನ ಬಲದಿಂದ. ಅನಾನಸಿನ ಪಾಡು ಬೇರೆ: ಅದರಲ್ಲಿರುವ, ಪ್ರೋಟೀನನ್ನೇ ಒಡೆಯುವ ಬ್ರೊಮೆಲೈನ್ ಎಂಬ ಕಿಣ್ವ ಮಾಗಿದ ಹಣ್ಣಿನಲ್ಲಿಯೂ ಉಳಿಯುತ್ತದೆ. ಜೆಲಟಿನ್ ಹಾಕಿದ ಜೆಲ್ಲಿಗೆ ತಾಜಾ ಅನಾನಸಿನ ಹೋಳು ಬಿದ್ದರೆ ಜೆಲ್ಲಿ ಗಟ್ಟಿಯಾಗುವುದೇ ಇಲ್ಲ, ಏಕೆಂದರೆ ಜೆಲಟಿನ್ ಪ್ರೋಟೀನು. ಡಬ್ಬಿಯ ಅನಾನಸು ಹಾಕಿದರೆ ಗಟ್ಟಿಯಾಗುತ್ತದೆ, ಏಕೆಂದರೆ ಡಬ್ಬಿಗೆ ತುಂಬುವಾಗಿನ ಕಾವಿಗೆ ಬ್ರೊಮೆಲೈನ್ ಕೆಟ್ಟಿರುತ್ತದೆ. ಶಾಕಾಹಾರಿ ಮನೆಗಳಲ್ಲಿ ಜೆಲಟಿನ್ನಿನ ಬದಲು ಬಳಸುವ, ಕಡಲಪಾಚಿಯಿಂದ ಮಾಡಿದ ಚೈನಾ ಗ್ರಾಸ್ ಪ್ರೋಟೀನಲ್ಲವಾದ್ದರಿಂದ ಅದಕ್ಕೆ ಈ ಬಾಧೆಯಿಲ್ಲ. ಹೀಗಿದ್ದರೂ ಆರೋಗ್ಯವಂತರ ಜಠರ ಮತ್ತು ಮೇದೋಜೀರಕ ಗ್ರಂಥಿ ಬೇಕಾದಷ್ಟು ಕಿಣ್ವಗಳನ್ನು ತಾವೇ ಸ್ರವಿಸುತ್ತವೆ. ಅನಾನಸನ್ನು ಅದರ ರುಚಿಗಾಗಿ ತಿಂದರೆ ಸಾಕು.

ಪೇರಳೆ, ಬಾಳೆಗಳಿಗೆ ಪಾಚಕ ಎನ್ನುವುದಂತೂ ಸಲ್ಲದು. ಅವುಗಳ ಉಪಕಾರ ನಾರಿನದು, ಮತ್ತು ನಾರು ನಮ್ಮ ಕಿಣ್ವಗಳಿಗೆ ಅರಗದೆ ಉಳಿಯುವ ಭಾಗ. ಅದು ಅರಗದೆ ದೊಡ್ಡ ಕರುಳಿಗೆ ತಲುಪುವುದರಿಂದಲೇ ನೀರು ಹಿಡಿದು ಮಲವನ್ನು ಮೃದುವಾಗಿಸುತ್ತದೆ, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆಹಾರವೂ ಆಗುತ್ತದೆ. ಅರಗದ ವಸ್ತುವಿನಿಂದ ಬರುವ ಪ್ರಯೋಜನಕ್ಕೆ ಅರಗಿಸುವುದು ಎಂಬ ಅರ್ಥದ ಹೆಸರಿಡುವುದು ತಪ್ಪು. ಮಲವನ್ನು ಸಲೀಸಾಗಿ ಇಳಿಸುವುದಕ್ಕೆ ‘ಸಾರಕ’ ಎಂಬ ಒಳ್ಳೆಯ ಪದ ಕನ್ನಡದಲ್ಲಿ ಇದೆ, ಅದನ್ನು ಬಳಸಬಹುದು. ನೂರು ಗ್ರಾಂ ಪೇರಳೆಯಲ್ಲಿ ಸುಮಾರು 5 ಗ್ರಾಂ ನಾರಿದ್ದರೆ, ಅಷ್ಟೇ ಪಪ್ಪಾಯಿಯಲ್ಲಿ ಇರುವುದು 2 ಗ್ರಾಮಿಗೂ ಕಡಿಮೆ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಗಡಿಯಲ್ಲಿ ಪೇರಳೆಯನ್ನು ಅರೆದು, ಸೋಸಿ, ಲೋಟಕ್ಕೆ ಸುರಿದು ಕೊಟ್ಟಾಗ ಆ ನಾರಿನ ಬಹುಪಾಲು ಬೀಜದೊಂದಿಗೆ ಜರಡಿಯಲ್ಲೇ ಉಳಿದಿರುತ್ತದೆ. ಹಾಗೆ ಸೋಸಿದ ರಸಕ್ಕೆ ಪಾಚಕವೆಂಬ ಹೆಸರೂ ಸಲ್ಲದು, ಸಾರಕವೆಂಬ ಹೆಸರೂ ಸಲ್ಲದು.