ಯೂತ್ ವೋಟ್: ಒಂದು ಹೆಸರು, ಎರಡು ಲೆಕ್ಕ

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹತ್ತಿರ ಬಂತೆಂದರೆ ‘ಯೂತ್ ವೋಟ್’ ಎಂಬ ಮಾತು ಸುದ್ದಿಯಲ್ಲಿ ಓಡಾಡತೊಡಗುತ್ತದೆ. ಯೂತ್ ವೋಟ್ ಒಬಾಮಾ ಅವರನ್ನು ಗೆಲ್ಲಿಸಿತು, ಯೂತ್ ವೋಟ್ ಟ್ರಂಪ್ ಕಡೆ ವಾಲಿತು, ಯೂತ್ ವೋಟ್ ಕೈಕೊಟ್ಟಿತು ಅಂತೆಲ್ಲ. ಕೇಳಿದರೆ ಅದೊಂದು ಒಗ್ಗಟ್ಟಿನ ಗುಂಪು ಅನಿಸುತ್ತದೆ. ನಿಜವಾಗಿ ಅದು 18ರಿಂದ 29 ವರ್ಷದ ಮತದಾರರಿಗೆ ಸಮೀಕ್ಷೆಯವರು ಮಾಡಿಟ್ಟ ಒಂದು ಖಾನೆ, ಅಷ್ಟೇ. ಮೊದಲ ವರ್ಷದ ಕಾಲೇಜು ಹುಡುಗಿಯೂ ಅದರಲ್ಲೇ, ಎರಡು ಮಕ್ಕಳ ತಂದೆಯಾದ ಲಾರಿ ಡ್ರೈವರೂ ಅದರಲ್ಲೇ. ಅಲ್ಲಿನ ಜನಗಣತಿ ಇಲಾಖೆಯ ಪಟ್ಟಿಗಳಲ್ಲಿ 18ರಿಂದ 24ರವರಿಗೇ ಬೇರೆ ಖಾನೆ ಇರುತ್ತದೆ. ಹಾಗಾಗಿ ‘ಯುವಜನ’ ಎಂಬ ಅಂಕಿ ಕಂಡರೆ ಮೊದಲು ವಯಸ್ಸು ಯಾವುದು ಅಂತ ನೋಡಿಕೊಳ್ಳಬೇಕು.

ಈ ಹೆಸರಿನೊಳಗೆ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದು ಒಲವು: ಮತ ಹಾಕಿದ ಯುವಕ ಯುವತಿಯರು ಯಾರಿಗೆ ಹಾಕಿದರು? ಇನ್ನೊಂದು ಮತದಾನ ಪ್ರಮಾಣ, ಅವರು ಟರ್ನ್‌ಔಟ್ ಅನ್ನುವುದು: ಮತ ಹಾಕಬಹುದಾಗಿದ್ದ ನೂರು ಜನರಲ್ಲಿ ಎಷ್ಟು ಜನ ಹಾಕಿದರು? ಸುದ್ದಿಯವರು ಎರಡನ್ನೂ ಕಲಸಿಬಿಡುತ್ತಾರೆ. ಗೊಂದಲವೆಲ್ಲ ಶುರುವಾಗುವುದು ಅಲ್ಲೇ.

2008ನ್ನೇ ನೋಡಿ. ಹುಡುಗರು ಹುಡುಗಿಯರು ಹಿಂಡುಹಿಂಡಾಗಿ ಮತಗಟ್ಟೆಗೆ ಬಂದು ಒಬಾಮಾ ಅವರನ್ನು ಗೆಲ್ಲಿಸಿದರು ಎಂಬುದು ಈಗಲೂ ಎಲ್ಲರ ಬಾಯಲ್ಲಿರುವ ಕತೆ. ಅಂಕಿ ಬೇರೆಯೇ ಹೇಳುತ್ತದೆ. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸರ್ಕಲ್ ಎಂಬ ಅಧ್ಯಯನ ಕೇಂದ್ರವಿದೆ, ಯುವ ಮತದಾರರ ಲೆಕ್ಕಕ್ಕೆ ಎಲ್ಲರೂ ನೋಡುವುದು ಅವರನ್ನೇ. ಜನಗಣತಿ ಇಲಾಖೆಯ ಸಮೀಕ್ಷೆಯಿಂದ ಅವರು ತೆಗೆದ ಲೆಕ್ಕದಲ್ಲಿ 18ರಿಂದ 29ರವರ ಮತದಾನ 2004ರಲ್ಲಿ ಸುಮಾರು ಶೇ. 49, 2008ರಲ್ಲಿ ಸುಮಾರು ಶೇ. 51. ಏರಿದ್ದು ಬರೀ ಎರಡು ಅಂಶ, ಅಂದರೆ ನೂರಕ್ಕೆ ಎರಡು. ಒಲವು ಮಾತ್ರ ಜಿಗಿದಿತ್ತು. 2004ರ ಎಕ್ಸಿಟ್ ಪೋಲ್‌ನಲ್ಲಿ ಈ ವಯಸ್ಸಿನವರು ಡೆಮಾಕ್ರಟ್ ಪಕ್ಷದ ಕೆರ್ರಿಗೆ ಶೇ. 54, ರಿಪಬ್ಲಿಕನ್ ಪಕ್ಷದ ಬುಷ್‌ಗೆ ಶೇ. 45 ಕೊಟ್ಟಿದ್ದರು. 2008ರಲ್ಲಿ ಡೆಮಾಕ್ರಟ್ ಒಬಾಮಾಗೆ 66, ರಿಪಬ್ಲಿಕನ್ ಮೆಕೇನ್‌ಗೆ 32.

ಎರಡನ್ನೂ ಗುಣಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅರ್ಹ ಯುವಜನ ನೂರು ಮಂದಿ ಅಂತಿಟ್ಟುಕೊಳ್ಳಿ. 2004ರಲ್ಲಿ 49 ಮಂದಿ ಬಂದರು, ಅಂತರ 9 ಅಂಶ. ಅಂದರೆ ಡೆಮಾಕ್ರಟರಿಗೆ ಸಿಕ್ಕ ಮುನ್ನಡೆ ನೂರಕ್ಕೆ ನಾಲ್ಕು ಚಿಲ್ಲರೆ ಮತ. 2008ರಲ್ಲಿ 51 ಮಂದಿ, ಅಂತರ 34 ಅಂಶ, ಮುನ್ನಡೆ ನೂರಕ್ಕೆ ಹದಿನೇಳು. ಆ ಎರಡು ಅಂಶ ಏರದೆ ಪ್ರಮಾಣ 49ರಲ್ಲೇ ನಿಂತಿದ್ದರೂ ಮುನ್ನಡೆ ಹದಿನಾರೂವರೆ ದಾಟುತ್ತಿತ್ತು. ಅಲ್ಲಿಗೆ ಕೆಲಸ ಮಾಡಿದ್ದು ಒಲವು, ಜನಜಂಗುಳಿ ಅಲ್ಲ.

2020ರದ್ದು ಬೇರೆ ಕತೆ. ಸರ್ಕಲ್‌ನವರು ಈಗ ಮತದಾರರ ದಾಖಲೆಗಳನ್ನೇ ಆಧರಿಸಿ ಲೆಕ್ಕ ಹಾಕುತ್ತಾರೆ, ಆದ್ದರಿಂದ ಮೇಲಿನ ಅಂಕಿಗಳ ಪಕ್ಕಕ್ಕೆ ಇವನ್ನು ಇಡುವ ಹಾಗಿಲ್ಲ. ಈ ಲೆಕ್ಕದಲ್ಲಿ 2016ರ ಯುವ ಮತದಾನ ಶೇ. 39, 2020ರದ್ದು ಶೇ. 50. ಹನ್ನೊಂದು ಅಂಶದ ಏರಿಕೆ, ಸಣ್ಣದಲ್ಲ. ಒಲವು 2016ರಲ್ಲಿ ಹಿಲರಿ ಕ್ಲಿಂಟನ್‌ಗಿದ್ದ 55ರಿಂದ ಬೈಡನ್‌ಗೆ 60ಕ್ಕೆ ಹೋಯಿತು. ಯುವಜನ ನಿಜಕ್ಕೂ ‘ಹೊರಗೆ ಬಂದ’ ಚುನಾವಣೆ ಅಂದರೆ ಇದೇ. ಆದರೆ ಅದರ ಹೆಸರು ಹೋಗಿದ್ದು ಮಾತ್ರ 2008ಕ್ಕೆ!

2024ಕ್ಕೆ ಬನ್ನಿ. ಮತದಾನದ ಮರುದಿನದ ಅಂದಾಜು ಶೇ. 42 ಅಂತ ಹೇಳಿತು. ಯುವಕರು ಮನೆಯಲ್ಲೇ ಕುಳಿತರು ಎಂಬ ತಲೆಬರಹಗಳು ಬಂದವು. ಕೆಲವು ತಿಂಗಳ ನಂತರ ದಾಖಲೆಗಳು ಪೂರ್ತಿ ಸಿಕ್ಕಾಗ ಅದು ಶೇ. 47 ಆಯಿತು. ಆ ತಿದ್ದುಪಡಿ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. 2020ಕ್ಕಿಂತ ಪ್ರಮಾಣ ಮೂರು ಅಂಶ ಕಡಿಮೆ, ಅಷ್ಟೇ. ಆದರೆ ಒಲವಿನ ಅಂತರ 24 ಅಂಶದಿಂದ 11ಕ್ಕೆ ಕುಸಿದಿತ್ತು: ಬೈಡನ್ 60, ಟ್ರಂಪ್ 36 ಇದ್ದದ್ದು ಹ್ಯಾರಿಸ್ 54, ಟ್ರಂಪ್ 43 ಆಯಿತು. ನಮ್ಮ ನೂರು ಜನರ ಲೆಕ್ಕದಲ್ಲಿ ಹನ್ನೆರಡು ಮತದ ಮುನ್ನಡೆ ಐದಕ್ಕೆ ಇಳಿಯಿತು. ಇದರಲ್ಲಿ ಮನೆಯಲ್ಲೇ ಉಳಿದವರಿಂದ ಆದ ನಷ್ಟ ಅರ್ಧ ಮತದಷ್ಟು. ಉಳಿದದ್ದೆಲ್ಲ ಬಂದವರ ಒಲವು ಬದಲಾದದ್ದರಿಂದ.

ಈ ‘54, 43’ ಎಲ್ಲಿಂದ ಬರುತ್ತದೆ? ಮತ ಗುಟ್ಟಿನದು, ಆದ್ದರಿಂದ ಒಲವು ಗೊತ್ತಾಗುವುದು ಕೇಳಿದರೆ ಮಾತ್ರ. ನಮ್ಮ ಟೀವಿಗಳಲ್ಲಿ ಎಕ್ಸಿಟ್ ಪೋಲ್ ಅಂದರೆ ಯಾರಿಗೆ ಎಷ್ಟು ಸೀಟು ಎಂಬ ಭವಿಷ್ಯ. ಅಲ್ಲಿ ಅದರ ಮುಖ್ಯ ಉಪಯೋಗ ಯಾವ ವಯಸ್ಸಿನವರು, ಯಾವ ಸಮುದಾಯದವರು ಯಾರಿಗೆ ಹಾಕಿದರು ಅಂತ ತಿಳಿಯುವುದು. 2024ರಲ್ಲಿ ದೊಡ್ಡ ಚಾನೆಲ್‌ಗಳಿಗಾಗಿ ಎಡಿಸನ್ ರಿಸರ್ಚ್ ಈ ಕೆಲಸ ಮಾಡಿತ್ತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಮತ್ತು ಇನ್ನು ಕೆಲವರು 2018ರಿಂದ 2024ರವರೆಗೆ ವೋಟ್‌ಕಾಸ್ಟ್ ಎಂಬ ಬೇರೆ ಸಮೀಕ್ಷೆ ನೆಚ್ಚಿಕೊಂಡಿದ್ದರು. 2024ರಲ್ಲಿ ಎಡಿಸನ್ ಪ್ರಕಾರ ಯುವ ಗಂಡಸರು ಟ್ರಂಪ್, ಹ್ಯಾರಿಸ್ ಇಬ್ಬರಿಗೂ ಹೆಚ್ಚುಕಮ್ಮಿ ಸಮನಾಗಿ ಹಂಚಿದ್ದರು. ವೋಟ್‌ಕಾಸ್ಟ್ ಪ್ರಕಾರ ಈ ಗಂಡಸರಲ್ಲಿ ಟ್ರಂಪ್ ಹತ್ತಕ್ಕೂ ಹೆಚ್ಚು ಅಂಶ ಮುಂದಿದ್ದರು. ಯುವತಿಯರು ಹ್ಯಾರಿಸ್ ಕಡೆ ಇದ್ದರು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಹೀಗಿರುವಾಗ ಒಂದು ಅಂಕಿ ಹಿಡಿದು ‘ಜೆನ್ ಝೀ (ಈಗಿನ ಯುವ ತಲೆಮಾರು) ಹೀಗೆ’ ಅನ್ನುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಮತದಾನ ಪ್ರಮಾಣಕ್ಕೆ ಇನ್ನೊಂದು ತೊಡಕಿದೆ. ಯಾವ ನೂರರಲ್ಲಿ ಎಷ್ಟು? ಅಮೆರಿಕದಲ್ಲಿರುವ 18 ದಾಟಿದ ಎಲ್ಲರನ್ನೂ ಎಣಿಸಬಹುದು. ಹಾಗೆ ಎಣಿಸಿದರೆ ಎಚ್-1ಬಿ ವೀಸಾದಲ್ಲಿ ಸ್ಯಾನ್ ಹೋಸೆಯಲ್ಲಿರುವ ನಮ್ಮ ಹಾಸನದ ಹುಡುಗನೂ ಲೆಕ್ಕಕ್ಕೆ ಸೇರುತ್ತಾನೆ. ಅವನಿಗೆ ಮತದ ಹಕ್ಕೇ ಇಲ್ಲ, ಪ್ರಮಾಣ ಸುಮ್ನೆ ಕೆಳಗಿಳಿಯುತ್ತದೆ. ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು 18 ತುಂಬಿದ ದಿನವೇ ಮತದಾರರಾಗಬಹುದು. ಅದಕ್ಕೇ ಈಗ ಅರ್ಹ ನಾಗರಿಕರನ್ನು ಮಾತ್ರ ಎಣಿಸುವುದು ವಾಡಿಕೆ. ಭಾರತದಲ್ಲಿ ಮಾತ್ರ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಲ್ಲಿ ಎಷ್ಟು ಜನ ಎಂದು ಲೆಕ್ಕ. 2024ರ ಲೋಕಸಭಾ ಚುನಾವಣೆಯ ಶೇ. 65.79 ಅಂಥದ್ದು. ಅದೇ ವರ್ಷ ಅಮೆರಿಕದ ಜನಗಣತಿ ಇಲಾಖೆ ಕೊಟ್ಟ ಶೇ. 65.3 ನಾಗರಿಕರೆಲ್ಲರ ಲೆಕ್ಕ. ನೋಡಲು ಒಂದೇ ಥರ, ಆದರೆ ಒಂದನ್ನೊಂದು ಹೋಲಿಸಲು ಬರುವುದಿಲ್ಲ. ನಮ್ಮಲ್ಲಿ ಹೆಸರೇ ಸೇರಿಸದ 18ರ ಹುಡುಗಿ ಲೆಕ್ಕದಿಂದಲೇ ಮಾಯ. ಊರು ಬಿಟ್ಟವರ ಹೆಸರು ಪಟ್ಟಿಯಲ್ಲೇ ಉಳಿದರೆ ಪ್ರಮಾಣ ಸುಳ್ಳುಸುಳ್ಳೇ ಇಳಿಯುತ್ತದೆ. ಬೆಂಗಳೂರು ದಕ್ಷಿಣದ ಶೇ. 53ನ್ನು ಮಂಡ್ಯದ ಶೇ. 81ರ ಪಕ್ಕ ಇಟ್ಟು ಪೇಟೆಯವರನ್ನು ಬಯ್ಯುವಾಗ ಇದೂ ನೆನಪಿರಲಿ.

ಹಾಗಿದ್ದರೂ ಹಿರಿಯರಿಗಿಂತ ಕಿರಿಯರು ಕಡಿಮೆ ಮತ ಹಾಕುತ್ತಾರೆ ಎಂಬುದು ನಿಜ. ಜನಗಣತಿ ಇಲಾಖೆಯ ಸಮೀಕ್ಷೆ ಪ್ರಕಾರ 2020ರಲ್ಲಿ 65ರಿಂದ 74ರವರಲ್ಲಿ ಶೇ. 76, 18ರಿಂದ 24ರವರಲ್ಲಿ ಶೇ. 51. ಇದಕ್ಕೆ ಸೋಮಾರಿತನ ಅನ್ನುವುದು ಸುಲಭದ ಉತ್ತರ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿ ವಿಳಾಸ ಬದಲಾದರೆ ನೋಂದಣಿಯನ್ನೂ ಹೊಸದು ಮಾಡಿಸಬೇಕು, ಮತ್ತು ವಿಳಾಸ ಜಾಸ್ತಿ ಬದಲಾಗುವುದು ಇದೇ ವಯಸ್ಸಿನವರದು. ಹಾಸ್ಟೆಲ್, ಬಾಡಿಗೆ ಕೋಣೆ, ಹೊಸ ಊರಿನ ಕೆಲಸ. ಕೆಲವು ರಾಜ್ಯಗಳಲ್ಲಿ ನೋಂದಣಿಗೆ ಕೊನೆಯ ದಿನ ಮತದಾನಕ್ಕೆ ಸುಮಾರು ಒಂದು ತಿಂಗಳ ಮೊದಲೇ ಮುಗಿಯುತ್ತದೆ. ಮತದಾನ ಮಂಗಳವಾರ, ದೇಶಕ್ಕೆಲ್ಲ ರಜೆಯೂ ಇಲ್ಲ. ಮಿನ್ನೆಸೋಟದಲ್ಲಿ 1970ರ ದಶಕದಿಂದಲೂ ಮತಗಟ್ಟೆಯಲ್ಲೇ ಅದೇ ದಿನ ನೋಂದಾಯಿಸಿಕೊಳ್ಳಬಹುದು. ಯುವ ಮತದಾನದಲ್ಲಿ ಆ ರಾಜ್ಯ ಮುಂದಿನ ಸಾಲಿನಲ್ಲಿರುತ್ತದೆ.

ಇನ್ನು ಯುವಜನ ಯಾವಾಗಲೂ ಡೆಮಾಕ್ರಟರ ಕಡೆ ಎಂಬ ನಂಬಿಕೆ. ವಿಯೆಟ್ನಾಂ ಯುದ್ಧಕ್ಕೆ 18ರ ಹುಡುಗರನ್ನು ಕಳಿಸುತ್ತೀರಿ, ಮತ ಮಾತ್ರ 21ಕ್ಕೆ ಯಾಕೆ ಎಂಬ ಕೂಗಿನಿಂದ 1971ರಲ್ಲಿ 26ನೇ ತಿದ್ದುಪಡಿ ಬಂತು. (ನಮ್ಮಲ್ಲಿ 21 ಇದ್ದದ್ದು 18 ಆದದ್ದು 1989ರಲ್ಲಿ, 61ನೇ ತಿದ್ದುಪಡಿಯಿಂದ.) ಯುದ್ಧ ವಿರೋಧಿಸುತ್ತಿದ್ದ ಡೆಮಾಕ್ರಟ್ ಅಭ್ಯರ್ಥಿ ಮೆಕ್‌ಗವರ್ನ್‌ಗೆ ಹೊಸ ಮತದಾರರು ಕೈಹಿಡಿಯುತ್ತಾರೆ ಎಂಬ ಆಸೆಯಿತ್ತು. 1972ರಲ್ಲಿ ಹೊಸಬರಲ್ಲಿ ಅರ್ಧದಷ್ಟು ಜನ ಮಾತ್ರ ಬಂದರು, ನಿಕ್ಸನ್ 49 ರಾಜ್ಯ ಗೆದ್ದರು. 1984ರಲ್ಲಿ 18ರಿಂದ 29ರವರು ರಿಪಬ್ಲಿಕನ್ ರೇಗನ್‌ಗೆ ಸುಮಾರು ಶೇ. 59 ಕೊಟ್ಟರು. 2000ದಲ್ಲಿ ಗೋರ್, ಬುಷ್ ನಡುವೆ ಇದ್ದದ್ದು ಎರಡೇ ಅಂಶ. ಡೆಮಾಕ್ರಟರ ಕಡೆ 34 ಅಂಶದ ಆ ದೊಡ್ಡ ವಾಲಿಕೆ ಬಂದದ್ದು 2008ರಲ್ಲಿ.

ಇನ್ನೊಂದು ವಿಷಯ, ಈ ಖಾನೆಯಲ್ಲಿ ಯಾರೂ ಹೆಚ್ಚು ಕಾಲ ನಿಲ್ಲುವುದಿಲ್ಲ. 2008ರಲ್ಲಿ 22 ವರ್ಷದವರಾಗಿ ಒಬಾಮಾಗೆ ಒತ್ತಿದವರಿಗೆ 2024ರಲ್ಲಿ 38. ಅವರೀಗ 30ರಿಂದ 44ರ ಖಾನೆಯಲ್ಲಿದ್ದಾರೆ. ಆದ್ದರಿಂದ ‘ಯುವಜನ ಮನಸ್ಸು ಬದಲಿಸಿದರು’ ಎಂದಾಗ ಬದಲಾದದ್ದು ಒಂದಿಷ್ಟು ಮನಸ್ಸು, ಒಂದಿಷ್ಟು ಜನರೇ. 2028ರಲ್ಲಿ ಮೊದಲ ಬಾರಿಗೆ ಅಧ್ಯಕ್ಷರನ್ನು ಆರಿಸುವ ವಯಸ್ಸಿಗೆ ಬರುವವರು 2006ರ ಕೊನೆಯಿಂದ 2010ರ ನವೆಂಬರ್ ಮೊದಲ ವಾರದವರೆಗೆ ಹುಟ್ಟಿದವರು.