ಮೆಲನೋಮಾ, ತೊನ್ನು ಮತ್ತು ಇಮ್ಯುನಿಟಿಯ ಬ್ರೇಕು

ನಮ್ಮ ಕಡೆ ಯಾರಿಗಾದ್ರೂ ತೊನ್ನು ಕಾಣಿಸ್ಕೊಂಡ್ರೆ ಮನೆಯವರೆಲ್ಲ ಕಂಗಾಲಾಗ್ತಾರೆ, ಆಗ್ಬೇಕಿದ್ದ ಸಂಬಂಧ ನಿಂತುಹೋಗತ್ತೆ, ಇದು ಅಂಟುರೋಗ ಅಲ್ಲ ಅಂತ ಎಷ್ಟು ಹೇಳಿದ್ರೂ ಕೇಳೋರಿಲ್ಲ. ಆದ್ರೆ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಿಗೆ ಇಮ್ಯುನೋಥೆರಪಿ (ನಮ್ಮ ಇಮ್ಯುನಿಟಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟೋ ಚಿಕಿತ್ಸೆ) ತಗೋತಿರೋರ ಮೈಮೇಲೆ ಅದೇ ಥರ ಬಿಳಿ ಕಲೆ ಎದ್ರೆ ಡಾಕ್ಟರಿಗೆ ಸಮಾಧಾನ, ಎಷ್ಟೋ ಸಲ ಅದು ಔಷಧಿ ಹಿಡೀತಿದೆ ಅನ್ನೋದರ ಗುರುತು. ಯಾಕಂದ್ರೆ ಮೆಲನೋಮಾ ಹುಟ್ಟೋದೇ ಚರ್ಮಕ್ಕೆ ಬಣ್ಣ ಕೊಡೋ ಮೆಲನೋಸೈಟ್ ಜೀವಕೋಶದಲ್ಲಿ, ಕ್ಯಾನ್ಸರಲ್ಲಿರೋ ಕೆಲವು ಪ್ರೋಟೀನು ಒಳ್ಳೆ ಮೆಲನೋಸೈಟಲ್ಲೂ ಇರತ್ತೆ, ಟಿ ಸೆಲ್ ಅನ್ನೋ ಕಾವಲು ಬಿಳಿ ರಕ್ತಕಣಗಳು ರೊಚ್ಚಿಗೆದ್ದಾಗ ಎರಡನ್ನೂ ಹೊಡೀತವೆ.

ಕ್ಯಾನ್ಸರನ್ನ ನಮ್ಮ ಇಮ್ಯುನಿಟಿ ಗುರುತು ಹಿಡಿಯತ್ತೆ ಅನ್ನೋದೇ ಒಂದು ಕಾಲಕ್ಕೆ ದೊಡ್ಡ ವಾದ ಆಗಿತ್ತು. 1950ರ ದಶಕದ ಕೊನೇಲಿ ಆಸ್ಟ್ರೇಲಿಯಾದ ವಿಜ್ಞಾನಿ ಮ್ಯಾಕ್‌ಫರ್ಲೇನ್ ಬರ್ನೆಟ್, ಮೈಯೊಳಗೆ ಕೆಟ್ಟ ಜೀವಕೋಶ ಹುಟ್ತಾನೇ ಇರ್ತವೆ, ಬಿಳಿ ರಕ್ತಕಣಗಳು ಗಸ್ತು ತಿರುಗ್ತಾ ಅವನ್ನ ಮುಗಿಸ್ತಾ ಇರ್ತವೆ ಅಂದ್ರು. ಸಾಕ್ಷಿ ಆಮೇಲೆ ಕಿಡ್ನಿ ಕಸಿ ಮಾಡಿಸ್ಕೊಂಡೋರಲ್ಲಿ ಸಿಗ್ತಾ ಹೋಯ್ತು. ಕಸಿ ಕಿಡ್ನಿ ಉಳೀಬೇಕಂದ್ರೆ ಇಮ್ಯುನಿಟಿ ತಗ್ಗಿಸೋ ಮಾತ್ರೆ ನುಂಗ್ತಾನೇ ಇರ್ಬೇಕು, ಅಂಥೋರಿಗೆ, ಅದ್ರಲ್ಲೂ ಬಿಳಿ ಚರ್ಮದೋರಿಗೆ, ಸ್ಕ್ವಾಮಸ್ ಅನ್ನೋ ಇನ್ನೊಂದು ಥರದ ಚರ್ಮದ ಕ್ಯಾನ್ಸರು ಹತ್ತಾರು ಪಟ್ಟು ಜಾಸ್ತಿ ಬರೋಕೆ ಶುರುವಾಯ್ತು.

ಸ್ಕಾಟ್ಲೆಂಡಿನ ಒಂದು ಕೇಸಂತೂ ಓದಿದಾಗಿಂದ ನನ್ನ ತಲೆಯಿಂದ ಹೋಗಿಲ್ಲ. 2003ರಲ್ಲಿ ಪ್ರಕಟ ಆಗಿದ್ದು. ಒಬ್ರಿಗೆ ಮೆಲನೋಮಾ ಆಪರೇಷನ್ ಆಗಿ 16 ವರ್ಷ ಆಗಿತ್ತು, ಎಲ್ಲ ಲೆಕ್ಕದಲ್ಲೂ ವಾಸಿಯಾದ ಹಾಗೇನೇ, ಅವರು ಬೇರೆ ಕಾರಣಕ್ಕೆ ತೀರ್ಕೊಂಡ್ಮೇಲೆ ಕಿಡ್ನಿ ಇಬ್ಬರಿಗೆ ಹಾಕಿದ್ರು, ಸ್ವಲ್ಪ ಕಾಲದಲ್ಲೇ ಆ ಇಬ್ಬರಿಗೂ ದಾನಿಯ ಮೆಲನೋಮಾನೇ ಬಂತು, ಒಬ್ರು ಉಳೀಲಿಲ್ಲ. ಅಂದ್ರೆ ಅಷ್ಟು ವರ್ಷ ಆ ಕ್ಯಾನ್ಸರ್ ಸತ್ತಿರ್ಲಿಲ್ಲ, ದಾನಿಯ ಇಮ್ಯುನಿಟಿ ಅದನ್ನ ತಲೆ ಎತ್ತದ ಹಾಗೆ ಅದುಮಿ ಇಟ್ಕೊಂಡಿತ್ತು, ಇಮ್ಯುನಿಟಿ ತಗ್ಗಿಸಿದ ಮೈ ಸಿಕ್ಕಿದ್ದೇ ತಡ ಎದ್ದು ಕೂತಿತು.

ಬಿಸಿಲಿನ ಪಾಲೂ ಇದರಲ್ಲಿದೆ. 1970ರ ದಶಕದಲ್ಲಿ ಅಮೆರಿಕದ ಮಾರ್ಗರೆಟ್ ಕ್ರಿಪ್ಕೆ, ನೇರಳಾತೀತ ಕಿರಣದಿಂದ ಇಲಿಗಳಿಗೆ ಬಂದ ಗಡ್ಡೆಯನ್ನ ಮಾಮೂಲಿ ಇಲಿಗೆ ಹಾಕಿದ್ರೆ ಅದರ ಮೈ ಗಡ್ಡೆನ ಒದ್ದು ಓಡ್ಸತ್ತೆ, ಮೊದಲೇ ಆ ಕಿರಣಕ್ಕೆ ಒಡ್ಡಿದ ಇಲಿಗೆ ಹಾಕಿದ್ರೆ ಬೆಳೆಯತ್ತೆ ಅಂತ ತೋರಿಸಿದ್ರು. ಬಿಸಿಲು ಡಿಎನ್‌ಎ ಕೆಡಿಸೋದರ ಜೊತೆಗೆ ಕಾವಲುಗಾರನನ್ನೂ ಮಲಗಿಸ್ತಿತ್ತು.

ಹಾಗಾದ್ರೆ ಕಾವಲುಗಾರನನ್ನ ಎಬ್ಬಿಸೋಣ ಅಂತ ಅಮೆರಿಕದ ಸರ್ಜನ್ ಸ್ಟೀವನ್ ರೋಸೆನ್‌ಬರ್ಗ್ 1980ರ ದಶಕದಲ್ಲಿ ಟಿ ಸೆಲ್‌ಗಳನ್ನ ಹುರಿದುಂಬಿಸೋ ಇಂಟರ್‌ಲ್ಯುಕಿನ್-2 ಅನ್ನೋ ಪ್ರೋಟೀನನ್ನ ಪೇಷೆಂಟ್‌ಗಳಿಗೆ ಜಾಸ್ತಿ ಡೋಸಲ್ಲಿ ಕೊಟ್ರು, ಕೆಲವರು ಪೂರ್ತಿ ವಾಸಿಯಾದ್ರು, ಆದ್ರೆ ತುಂಬ ಕಮ್ಮಿ ಜನ, ತಡ್ಕೊಳ್ಳೋಕಾಗದ ಸೈಡ್ ಎಫೆಕ್ಟು ಬೇರೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ಗಾಡಿ ಯಾಕೆ ಓಡ್ತಿಲ್ಲ ಅನ್ನೋದಕ್ಕೆ ಉತ್ತರ ಕೊಟ್ಟಿದ್ದು ಅಮೆರಿಕದ ವಿಜ್ಞಾನಿ ಜೇಮ್ಸ್ ಆಲಿಸನ್. ಟಿ ಸೆಲ್ ಮೇಲಿರೋ ಸಿಟಿಎಲ್‌ಎ-4 ಅನ್ನೋ ಪ್ರೋಟೀನು ಅದರ ಬ್ರೇಕು, ಅದನ್ನ ಬಿಡಿಸಿದ್ರೆ ಇಲಿಯ ಗಡ್ಡೆ ಕರಗತ್ತೆ ಅಂತ 1996ರಲ್ಲಿ ಅವರ ಲ್ಯಾಬು ತೋರಿಸ್ತು. ಅಲ್ಲಿಂದ ಔಷಧಿ ಆಗಿ ಪೇಷೆಂಟ್ ಕೈಗೆ ಬರೋಕೆ 15 ವರ್ಷ ಹಿಡೀತು, 2011ರಲ್ಲಿ ಅಮೆರಿಕದಲ್ಲಿ ಈ ಬ್ರೇಕು ಬಿಡಿಸೋ ಇಪಿಲಿಮುಮ್ಯಾಬ್ ಔಷಧಿಗೆ ಒಪ್ಪಿಗೆ ಸಿಕ್ತು. ಜಪಾನಿನ ತಾಸುಕು ಹೊಂಜೊ 1992ರಲ್ಲೇ ಕಂಡುಹಿಡಿದಿದ್ದ ಪಿಡಿ-1 ಇನ್ನೊಂದು ಬ್ರೇಕು, ಅದರ ಔಷಧಿಗಳು 2014ರಲ್ಲಿ ಬಂದ್ವು. 2018ರಲ್ಲಿ ಇಬ್ಬರಿಗೂ ನೊಬೆಲ್.

ಮೊದಲೆಲ್ಲ ಮೆಲನೋಮಾ ಮೈಯೆಲ್ಲ ಹರಡಿದ್ರೆ ಅರ್ಧಕ್ಕರ್ಧ ಜನ ಒಂದು ವರ್ಷನೂ ದಾಟ್ತಿರ್ಲಿಲ್ಲ. ಎರಡೂ ಬ್ರೇಕು ಬಿಡಿಸೋ ಔಷಧಿ ಒಟ್ಟಿಗೆ ತಗೊಂಡೋರಲ್ಲಿ ನೂರಕ್ಕೆ 43 ಜನ ಹತ್ತು ವರ್ಷ ಆದ್ಮೇಲೂ ಬದುಕಿದ್ದಾರೆ ಅಂತ 2024ರಲ್ಲಿ ಬಂದ ಟ್ರಯಲ್ ಲೆಕ್ಕ ಹೇಳತ್ತೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ ಮೆಲನೋಮಾ ಮೆದುಳಿಗೂ ಹೋಗಿತ್ತು, ಆಪರೇಷನ್, ರೇಡಿಯೇಷನ್ ಜೊತೆ ಪಿಡಿ-1 ಔಷಧಿ ತಗೊಂಡು ನೂರು ವರ್ಷ ತುಂಬಿಸಿ ಹೋದ್ರು. ಬ್ರೇಕ್ ಇಲ್ಲದ ಗಾಡಿಯ ಅಪಾಯನೂ ಇದೆ, ಕರುಳು, ಥೈರಾಯ್ಡು, ಲಿವರ್ ಮೇಲೂ ಟಿ ಸೆಲ್ ಮುಗಿಬೀಳಬಹುದು, ತೊನ್ನು ಅದರಲ್ಲಿ ಹಗುರದ್ದು.

ನಮ್ಮ ಮಟ್ಟಿಗೆ ಎರಡು ಮಾತು ಹೇಳ್ಲೇಬೇಕು. ಒಂದು ದುಡ್ಡು, ಈ ಔಷಧಿ ಪೂರ್ತಿ ಡೋಸಲ್ಲಿ ಸಾಮಾನ್ಯರ ಕೈಗೆಟುಕಲ್ಲ, ಮುಂಬೈನ ಟಾಟಾ ಮೆಮೋರಿಯಲ್‌ನವರು ತಲೆ-ಕುತ್ತಿಗೆ ಕ್ಯಾನ್ಸರಲ್ಲಿ ಮಾಮೂಲಿ ಔಷಧಿ ಜೊತೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ (ಒಂದು ಪಿಡಿ-1 ಔಷಧಿ) ಸೇರಿಸಿ ಕೊಟ್ಟೂ ಪೇಷೆಂಟ್‌ಗಳ ಆಯಸ್ಸು ಹೆಚ್ಚಾಗಿದ್ದನ್ನ ತೋರಿಸಿದ್ದಾರೆ, ನನಗೆ ಅದು ಬಹಳ ದೊಡ್ಡ ಕೆಲಸ ಅನ್ಸತ್ತೆ. ಇನ್ನೊಂದು, ಕಂದು ಚರ್ಮದ ನಮಗೆ ಮೆಲನೋಮಾ ಅಪರೂಪ, ಬಂದ್ರೆ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರೋದು ಹೆಚ್ಚು. ಬಿಸಿಲಿಂದ ಆಗಿದ್ದಲ್ಲವಾದ್ರಿಂದ ಅದರ ಡಿಎನ್‌ಎ ಅಷ್ಟು ಕೆಟ್ಟಿರಲ್ಲ, ಟಿ ಸೆಲ್‌ಗೆ ಗುರುತು ಹಿಡಿಯೋಕೆ ಸುಳಿವು ಕಮ್ಮಿ, ಈ ಔಷಧಿಗಳೂ ಅಲ್ಲಿ ಅಷ್ಟಾಗಿ ಹಿಡಿಯಲ್ಲ. ಅದಕ್ಕೇ ಅಂಗಾಲಲ್ಲಿ ಆಣಿ ಅಂತ ಅಂದ್ಕೊಂಡಿದ್ದು ಕಪ್ಪಾಗಿ ಹರಡ್ತಿದ್ರೆ, ಉಗುರಿನ ಕಪ್ಪು ಗೆರೆ ಅಗಲ ಆಗ್ತಿದ್ರೆ ಬೇಗ ಚರ್ಮದ ಡಾಕ್ಟರಿಗೆ ತೋರಿಸಿ, ತೆಳ್ಳಗಿರೋವಾಗ್ಲೇ ಸಿಕ್ಕಿದ್ರೆ ಸಾಮಾನ್ಯವಾಗಿ ಒಂದು ಆಪರೇಷನ್ನಲ್ಲೇ ಮುಗಿಯತ್ತೆ.