ಜೇಮ್ಸ್ ಮಕಾರ್ಥರ್ (1798–1867): ಕುರಿಮಂದೆ, ಜಮೀನು ಮತ್ತು ಶಾಸನಸಭೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ವಸಾಹತು ಇತಿಹಾಸವನ್ನು ಓದುವವರಿಗೆ ಜೇಮ್ಸ್ ಮಕಾರ್ಥರ್‌ನ ನಿಲುವು ಮೊದಲಿಗೆ ಗೊಂದಲ ಹುಟ್ಟಿಸುತ್ತದೆ. ಬ್ರಿಟನ್ನಿನಿಂದ ಕೈದಿಗಳನ್ನು ಸಾಗಿಸುವ ಪದ್ಧತಿ ಕೊನೆಗೊಳ್ಳಬೇಕೆಂದು 1837ರಲ್ಲಿ ಲಂಡನ್ನಿನ ಸಂಸದೀಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಈತ, ಶಿಕ್ಷೆ ಮುಗಿಸಿದ ಕೈದಿಗಳು ಜ್ಯೂರಿಯಲ್ಲಿ ಕೂರಬಾರದೆಂದು ಪಟ್ಟುಹಿಡಿದ ಜಮೀನುದಾರರ ಬಣದವನೂ ಹೌದು. ಈ ಎರಡೂ ನಿಲುವುಗಳ ಬೇರು ಅವನ ಜಮೀನಿನಲ್ಲಿದೆ.

1790ರಲ್ಲಿ ಸೇನಾಧಿಕಾರಿಯಾಗಿ ಬಂದ ತಂದೆ ಜಾನ್‌ನಿಗೆ ಬ್ರಿಟನ್ನಿನ ವಸಾಹತು ಸಚಿವ ಲಾರ್ಡ್ ಕ್ಯಾಮ್ಡನ್‌ನ ಆದೇಶದ ಮೇರೆಗೆ ಸಿಡ್ನಿಯ ನೈಋತ್ಯಕ್ಕಿರುವ ಕೌಪಾಶ್ಚರ್ಸ್ (ದನಗಳ ಹುಲ್ಲುಗಾವಲು) ಪ್ರದೇಶದಲ್ಲಿ 5,000 ಎಕರೆ ಮಂಜೂರಾಯಿತು. ಮೊದಲ ಹಡಗುಗಳಲ್ಲಿ ಬಂದು 1788ರಲ್ಲಿ ತಪ್ಪಿಸಿಕೊಂಡ ದನಗಳು ಹಿಂಡಾಗಿ ಬೆಳೆದು 1795ರಲ್ಲಿ ಪತ್ತೆಯಾದದ್ದು ಇದೇ ಹುಲ್ಲುಗಾವಲಿನಲ್ಲಿ. ಅದು ಮೂಲನಿವಾಸಿ ಧರಾವಲ್ ಜನರ ನೆಲವಾಗಿತ್ತು. 1816ರ ಏಪ್ರಿಲ್‌ನಲ್ಲಿ ಹತ್ತಿರದ ಆಪಿನ್‌ನಲ್ಲಿ ಸೈನಿಕರು ಮಹಿಳೆಯರು, ಮಕ್ಕಳೂ ಸೇರಿದಂತೆ ಕನಿಷ್ಠ 14 ಮೂಲನಿವಾಸಿಗಳ ಸಾವಿಗೆ ಕಾರಣರಾದರು. ಮಕಾರ್ಥರ್ ಮನೆತನದ ಸಂಪತ್ತನ್ನು ಕುರಿತ ಯಾವ ಟಿಪ್ಪಣಿಯೂ ಈ ಸಂಗತಿಯನ್ನು ಬಿಟ್ಟು ಪೂರ್ಣವಾಗದು.

ಇಂಗ್ಲೆಂಡಿನಲ್ಲಿ ಓದಿ, ತಂದೆಯೊಡನೆ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ದ್ರಾಕ್ಷಿ ಕೃಷಿಯನ್ನು ಕಂಡು 1817ರಲ್ಲಿ ಮರಳಿದ ಜೇಮ್ಸ್, ತಮ್ಮ ವಿಲಿಯಂನೊಂದಿಗೆ ಕ್ಯಾಮ್ಡನ್ ಎಂದು ಹೆಸರಾದ ಆ ಜಮೀನಿನ ನಯವಾದ ಉಣ್ಣೆಯ ಮೆರಿನೊ ಕುರಿಗಳನ್ನೂ ದ್ರಾಕ್ಷಿ ತೋಟಗಳನ್ನೂ ನೋಡಿಕೊಂಡ. ಆ ಜಮೀನಿನಲ್ಲಿ ದುಡಿದವರು ಸರ್ಕಾರ ಒಪ್ಪಿಸಿದ ಕೈದಿಗಳೇ. ಆದರೆ ಅವನ ಕಣ್ಣ ಮುಂದಿದ್ದದ್ದು ಇಂಗ್ಲೆಂಡಿನ ಗ್ರಾಮ ವ್ಯವಸ್ಥೆ: ಮೇಲೆ ಜಮೀನುದಾರ, ಅವನ ಆಶ್ರಯದಲ್ಲಿ ಗೇಣಿದಾರರು ಮತ್ತು ಸ್ವತಂತ್ರ ವಲಸಿಗ ಕುಟುಂಬಗಳು, ನಡುವೆ ಇಗರ್ಜಿ. ಆ ಚಿತ್ರದಲ್ಲಿ ಕೈದಿಗೂ ಜಾಗವಿರಲಿಲ್ಲ, ಬಿಡುಗಡೆಗೊಂಡ ಕೈದಿಯ ರಾಜಕೀಯ ಸಮಾನತೆಗೂ ಇರಲಿಲ್ಲ. ತಂದೆಯ ಮರಣಾನಂತರ, 1841ರಲ್ಲಿ ಕುಟುಂಬದ ನೆಲದಲ್ಲೇ ಕ್ಯಾಮ್ಡನ್ ಪಟ್ಟಣದ ನಿವೇಶನಗಳ ಮಾರಾಟ ಆರಂಭವಾಯಿತು.

1839ರಲ್ಲಿ ಶಾಸನ ಪರಿಷತ್ತಿಗೆ ನೇಮಕಗೊಂಡ ಜೇಮ್ಸ್, 1853ರ ಸಂವಿಧಾನ ಚರ್ಚೆಯಲ್ಲಿ ವಂಶಪಾರಂಪರ್ಯ ಬಿರುದುಗಳ ಮೇಲ್ಮನೆಯನ್ನು ಸೂಚಿಸಿದ ರಾಜಕಾರಣಿ ವೆಂಟ್‌ವರ್ತ್‌ನ ಪಕ್ಷ ವಹಿಸಿದ. ಸಿಡ್ನಿಯ ಸಾರ್ವಜನಿಕ ಸಭೆಯಲ್ಲಿ ಯುವ ವಕೀಲ ಡೇನಿಯಲ್ ಡೆನಿಹಿ ಇದನ್ನು 'ಬನ್ಯಿಪ್ ಕುಲೀನರು' ಎಂದು ಗೇಲಿ ಮಾಡಿದ. ಬನ್ಯಿಪ್ ಎಂದರೆ ಮೂಲನಿವಾಸಿಗಳ ಕಥೆಗಳಲ್ಲಿ ಬರುವ, ಜೌಗುನೆಲದ ಪ್ರಾಣಿ. ಅರ್ಲ್ ಪದವಿ ಬಯಸುವ ಮಕಾರ್ಥರ್‌ನ ಲಾಂಛನದಲ್ಲಿ ಹಸಿರು ಹಿನ್ನೆಲೆಯ ಮೇಲೆ ರಮ್ಮಿನ ಪೀಪಾಯಿ ಇರಬೇಕೆಂದೂ ಅವನು ಹೇಳಿದ. ರಮ್ ವ್ಯಾಪಾರಕ್ಕೂ, 1808ರಲ್ಲಿ ಗವರ್ನರ್ ಬ್ಲೈನನ್ನು ಪದಚ್ಯುತಗೊಳಿಸಿದ ದಂಗೆಗೂ ತಂದೆ ಜಾನ್‌ನ ಹೆಸರು ತಳುಕು ಹಾಕಿಕೊಂಡಿತ್ತಾದ್ದರಿಂದ ಈ ಮಾತು ನಾಟಿತು. ಬಿರುದುಗಳ ಯೋಜನೆ ಬಿದ್ದುಹೋಗಿ, ನೇಮಕಗೊಂಡ ಸದಸ್ಯರ ಮೇಲ್ಮನೆಯಷ್ಟೇ ಉಳಿಯಿತು. ಜೇಮ್ಸ್ 1856ರಿಂದ 1859ರವರೆಗೆ ಚುನಾಯಿತ ಕೆಳಮನೆಯಲ್ಲಿದ್ದ. ವಯಸ್ಕ ಪುರುಷರಿಗೆಲ್ಲ ಮತದ ದಾರಿ ತೆರೆದ 1858ರ ಚುನಾವಣಾ ಕಾಯ್ದೆ ಆ ಅವಧಿಯಲ್ಲಿಯೇ ಬಂತು.